ತೊಟ್ಟಿಲು ಘಟ್ಟ ಇಳಿದದ್ದು

ಶುಕ್ರವಾರ, ಸೆಪ್ಟೆಂಬರ್ 5, 2025

ಈದ್ ಮಿಲಾದ್ ರಜೆಯ ಬೆನ್ನಿಗೇ ಶನಿವಾರ, ಭಾನುವಾರ. ಅರ್ಧ ಬೆಂಗಳೂರು ಶಿರಾಡಿ ಘಾಟಿಯಲ್ಲಿ ಇರುತ್ತದೆ ಅಂತ ಗೊತ್ತಿದ್ದೇ ಬೆಳಗ್ಗೆ ಐದಕ್ಕೆ ಹಾಸನ ಬಿಡುವುದೆಂದು ಮಾತಾಗಿತ್ತು. ಬಿಟ್ಟಾಗ ಏಳೂವರೆ. ಬಾಣಂತಿ, ಮೂರು ತಿಂಗಳ ಕೂಸು, ಎಂಬತ್ನಾಲ್ಕರ ಅಜ್ಜಿ ಇರುವ ಮನೆಯಲ್ಲಿ ಹೇಳಿದ ಹೊತ್ತಿಗೆ ಹೊರಡುವುದು ಯಾರಿಂದಲೂ ಆಗದ ಕೆಲಸ. ಕೂಸಿಗೆ ಎಣ್ಣೆ ಹಚ್ಚಿ, ನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಹಾಲು ಕುಡಿಸಿ ಮಲಗಿಸುವ ತನಕ ಅಜ್ಜಿ ಯಾರನ್ನೂ ಹೊಸ್ತಿಲು ದಾಟಲು ಬಿಡಲಿಲ್ಲ.

ತಂಗಿಯ ಬಾಣಂತನ ಮುಗಿದಿತ್ತು. ಚೊಚ್ಚಲ ಹೆರಿಗೆ ತವರಲ್ಲಿ, ಆಮೇಲೆ ತಾಯಿ ಮಗುವನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಮುಟ್ಟಿಸುವುದು. ನಮ್ಮ ಸೀಮೆಯಲ್ಲಿ ಈ ವಿಷಯಕ್ಕೆ ಒಕ್ಕಲಿಗರು, ಲಿಂಗಾಯತರು, ಕ್ರೈಸ್ತರು ಅಂತ ಭೇದವಿಲ್ಲ. ಭೇದ ಇರುವುದು ಘಟ್ಟದ ಮೇಲೆ ಮತ್ತು ಕೆಳಗೆ. ನಾವು ಕನ್ನಡದಲ್ಲಿ ಪೂಜೆ ಕೇಳುವ ಕಥೋಲಿಕರು. ರಾಯಪ್ಪ, ಚಿನ್ನಪ್ಪ, ಇನ್ನಾಸಪ್ಪ, ಚೌರಮ್ಮ ಅಂತ ಹೆಸರಿಟ್ಟುಕೊಂಡವರು. ತಂಗಿ ಸೇರಿದ್ದು ಉಡುಪಿ ಜಿಲ್ಲೆ ಶಿರ್ವದ ಕಡೆಯ ಕೊಂಕಣಿ ಮನೆಯನ್ನು. ಅಲ್ಲಿ ಪ್ರಾರ್ಥನೆ, ಬೈಗುಳ, ಲೆಕ್ಕಾಚಾರ ಎಲ್ಲವೂ ಕೊಂಕಣಿಯಲ್ಲಿ. ಬರೆಯುವುದು ಮಾತ್ರ ಕನ್ನಡ ಲಿಪಿಯಲ್ಲಿ.

ತೊಟ್ಟಿಲನ್ನು ಟಾರ್ಪಾಲು ಸುತ್ತಿ ಕಾರಿನ ಮೇಲೆ ಕಟ್ಟಿದ್ದೆ. ಬೀಟೆ ಮರದ್ದು, ನಾನೂ ತಂಗಿಯೂ ಆಡಿದ್ದು. ಹೊಸದು ತೆಗೆಯೋಣ ಅಂದರೆ ಅಮ್ಮ ಒಪ್ಪಿರಲಿಲ್ಲ. ಸಕಲೇಶಪುರದಲ್ಲಿ ಇಡ್ಲಿ ತಿಂದು, ಮಗುವಿಗೆ ಹಾಲು ಕೊಟ್ಟು, ದೋಣಿಗಲ್ ದಾಟಿ ಮಾರನಹಳ್ಳಿ ಹತ್ತಿರ ಬಂದಾಗ ಲಾರಿಗಳ ಸಾಲು ನಿಂತೇಬಿಟ್ಟಿತ್ತು. ಮಳೆ ಜಿನುಗುತ್ತಿತ್ತು. ಅಜ್ಜಿ ಜಪಸರ ತೆಗೆದು ಕೂತರು. ಐದು ರಹಸ್ಯ, ಅಂದರೆ ಒಂದು ಸುತ್ತು ಜಪ, ಮುಗಿಯುವಷ್ಟರಲ್ಲಿ ನಾವು ಎರಡು ತಿರುವು ಇಳಿದಿದ್ದೆವು.

ಗುಂಡ್ಯ, ಉಪ್ಪಿನಂಗಡಿ, ಬೆಳ್ತಂಗಡಿ, ಗುರುವಾಯನಕೆರೆ, ಬಜಗೋಳಿ, ಕಾರ್ಕಳ. ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಕ್ಕೆ ಒಂದು ಮೋಂಬತ್ತಿ ಹಚ್ಚಿಯೇ ಹೋಗಬೇಕು ಅಂತ ಅಮ್ಮನ ಹರಕೆ. 2016ರಲ್ಲಿ ಅದಕ್ಕೆ ಬಸಿಲಿಕ, ಅಂದರೆ ಪೋಪರು ಕೊಡುವ ವಿಶೇಷ ಚರ್ಚಿನ ಪದವಿ ಬಂತು; ಕರಾವಳಿಯವರಿಗೆ ಅದು ಈಗಲೂ ಬರೀ 'ಅತ್ತೂರು'. ಜನವರಿಯ ಜಾತ್ರೆಗೆ ಎಲ್ಲ ಜಾತಿ ಮತದವರೂ ಬಂದು ಮೋಂಬತ್ತಿ ಹಚ್ಚುವ ಜಾಗ. ಮಧ್ಯಾಹ್ನ ಮೂರಕ್ಕೆ ಹೆಚ್ಚು ಜನ ಇರಲಿಲ್ಲ. ಹತ್ತು ನಿಮಿಷದಲ್ಲಿ ಹರಕೆ ತೀರಿತು.

ಮನೆ ಮುಟ್ಟಿದ್ದು ನಾಲ್ಕೂವರೆಗೆ. ಭಾವ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದಾರೆ. ತಂಗಿಗೆ ಐದು ತಿಂಗಳಿದ್ದಾಗ ಹೋದವರು ಬುಧವಾರ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದಿದ್ದರು. ಮಗಳನ್ನು ಇನ್ನೂ ಮುಟ್ಟಿರಲಿಲ್ಲ. ಕಾರಿನ ಸದ್ದಿಗೆ ಅಂಗಳಕ್ಕೆ ಓಡಿಬಂದವರನ್ನು ಅವರ ತಾಯಿ ಕೈಯಲ್ಲೇ ತಡೆದರು. ಮೊದಲು ಉಪ್ಪು ಮೆಣಸು ನೀವಾಳಿಸಿ ಒಲೆಗೆ ಹಾಕಿದ್ದಾಯಿತು. ಚರ್ಚಿನಲ್ಲಿ ಇದಕ್ಕೆ ಯಾವ ಶಾಸ್ತ್ರವೂ ಇಲ್ಲ, ಆದರೆ ಘಟ್ಟದ ಮೇಲಿನ ಅಜ್ಜಿಗೂ ಕೆಳಗಿನ ಅತ್ತೆಗೂ ಮೊದಲ ಒಪ್ಪಂದ ಬಿದ್ದದ್ದು ಇದರಲ್ಲೇ. ಆಮೇಲೆ ಅತ್ತೆ ಮಗುವನ್ನು ಎತ್ತಿಕೊಂಡು ನೇರ ಚಾವಡಿಯ ಆಲ್ತಾರಿನ ಮುಂದೆ ನಿಂತರು. ಮೋಂಬತ್ತಿ ಮೊದಲೇ ಉರಿಯುತ್ತಿತ್ತು. ಸಣ್ಣದೊಂದು ಪ್ರಾರ್ಥನೆ, ಹಣೆಗೊಂದು ಶಿಲುಬೆ ಗುರುತು. ಅಷ್ಟರಲ್ಲಿ ಭಾವ ಎರಡು ಸಲ ಸೋಪು ಹಾಕಿ ಕೈ ತೊಳೆದು ಬಂದಿದ್ದರು. ನಿಂತು ಎತ್ತಿಕೊಳ್ಳಲು ಹೆದರಿ ಕುರ್ಚಿಯಲ್ಲಿ ಕೂತರು. ಅತ್ತೆ ಮಗುವನ್ನು ತೊಡೆಯ ಮೇಲಿಟ್ಟಾಗ ಅವರು ಹೇಳಿದ್ದು ಒಂದೇ ಮಾತು: "ವಿಡಿಯೊದಲ್ಲಿ ಇದಕ್ಕಿಂತ ದೊಡ್ಡ ಕಾಣ್ತಿತ್ತು."

ರಾತ್ರಿ ಏಳಕ್ಕೆ ತೇರ್ಸ್, ಅಂದರೆ ಜಪಸರ. ಮುಗಿದ ಮೇಲೆ ಈ ಕಡೆಯವರಲ್ಲಿ ಒಂದು ಚಂದದ ಪದ್ಧತಿ ಇದೆ: ಕಿರಿಯರು ಕೈ ಜೋಡಿಸಿ ಹಿರಿಯರ ಹತ್ತಿರ ಒಬ್ಬೊಬ್ಬರಾಗಿ ಬೆಸಾಂವ್, ಅಂದರೆ ಆಶೀರ್ವಾದ ಕೇಳುವುದು. ಭಾವನ ಅಕ್ಕ ಮಗುವಿನ ಎರಡೂ ಮುಷ್ಟಿಯನ್ನು ಒಟ್ಟಿಗೆ ಹಿಡಿದು ಎಲ್ಲರ ಮುಂದೆ ಹಾಯಿಸಿ, ಕೊನೆಗೆ ನಮ್ಮಜ್ಜಿಯ ಮುಂದೆ ತಂದರು. ಅಜ್ಜಿಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಚೆನ್ನಾಗಿ ಬೆಳಿ ಕಣವ್ವ" ಅಂದರು.

ಶನಿವಾರ, ಸೆಪ್ಟೆಂಬರ್ 6

ನಾನು ಬರೀ ಸೋದರಮಾವನಾಗಿ ಬಂದವನಲ್ಲ. ಭಾನುವಾರ ಮಗುವಿಗೆ ದೀಕ್ಷಾಸ್ನಾನ, ಅಂದರೆ ನೀರು ಹುಯ್ದು ಕ್ರೈಸ್ತ ಧರ್ಮಸಭೆಗೆ ಸೇರಿಸಿಕೊಳ್ಳುವ ವಿಧಿ. ಅದರಲ್ಲಿ ತಂದೆ ತಾಯಿಗೆ ನೆರವಾಗಿ ನಿಲ್ಲುವ ಜ್ಞಾನತಂದೆಯೂ ನಾನೇ. ಒಂದು ಕಡೆಯಿಂದ ಜ್ಞಾನತಂದೆ, ಇನ್ನೊಂದು ಕಡೆಯಿಂದ ಜ್ಞಾನತಾಯಿ ಅನ್ನುವುದು ಈ ಮನೆಯ ರೂಢಿ. ಜ್ಞಾನತಾಯಿ ಭಾವನ ಅಕ್ಕ. ಬೆಳಗ್ಗೆ ಹತ್ತಕ್ಕೆ ಚರ್ಚಿನ ಆಫೀಸಿಗೆ ಬರಲು ಹೇಳಿದ್ದರು: ತಂದೆ ತಾಯಿ, ಜ್ಞಾನತಂದೆ, ಜ್ಞಾನತಾಯಿ. ಅಜ್ಜಿ ತಾವಾಗಿಯೇ ಹೊರಟು ನಿಂತಿದ್ದರು.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಚುಟುಕು. ಜ್ಞಾನತಂದೆಗೆ ಹದಿನಾರು ತುಂಬಿರಬೇಕು, ದೃಢೀಕರಣ ಮತ್ತು ಪರಮಪ್ರಸಾದ ಅನ್ನುವ ಸಂಸ್ಕಾರಗಳನ್ನು ಪಡೆದಿರಬೇಕು, ಮಗುವಿನ ಸ್ವಂತ ತಂದೆ ತಾಯಿ ಆಗಿರಬಾರದು. ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಸ್ವಾಮಿಗಳಿಂದ ಪತ್ರ ತಂದಿದ್ದೆ. ಸಹಾಯಕ ಗುರುಗಳು ಚಿಕ್ಕ ವಯಸ್ಸಿನವರು. ಅದನ್ನು ಓದಿ ಫೈಲಿಗೆ ಹಾಕಿ, ಮೂರು ತಿಂಗಳು ಯಾಕೆ ತಡವಾಯಿತು ಅಂತ ಕೇಳಿದರು. ಮಗು ಹುಟ್ಟಿದ ಕೆಲವು ವಾರಗಳಲ್ಲೇ ದೀಕ್ಷಾಸ್ನಾನ ಆಗಬೇಕು ಅನ್ನುತ್ತದೆ ಕಾನೂನು. ಭಾವ ಮಸ್ಕತ್ತಿನ ರಜೆಯ ಕಥೆ ಹೇಳಿದರು. ಈ ಊರಿನ ಗುರುಗಳಿಗೆ ಅದು ಹೊಸ ಕಥೆಯಲ್ಲ. ತಲೆಯಾಡಿಸಿ ಮುಂದಕ್ಕೆ ಹೋದರು.

ಹೆಸರಿನ ಗೆರೆಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರು ಅಂತ ಈ ಮನೆಯಲ್ಲಿ ನಡೆದುಬಂದದ್ದು. ತಂಗಿ ಫೋನಿನಲ್ಲಿ ಹುಡುಕಿ ಎರಡಕ್ಷರದ ಒಂದನ್ನು ಇಟ್ಟುಕೊಂಡಿದ್ದಳು (ಇಲ್ಲಿ ಬರೆಯಬೇಡ ಅಂದಿದ್ದಾಳೆ). ನಮ್ಮಜ್ಜಿಗೆ ರೋಸರಿ ಬೇಕು. ಯಾಕೆಂದರೆ ಅಜ್ಜಿಗೆ ದೀಕ್ಷಾಸ್ನಾನ ಆಗಿದ್ದು ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ, ಅಂದರೆ ರೋಸರಿ ಚರ್ಚಿನಲ್ಲಿ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು, ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಮಳೆಗಾಲದಲ್ಲಿ ಅರ್ಧ ಮುಳುಗುವ, ಬೇಸಿಗೆಯಲ್ಲಿ ಪ್ರೀ-ವೆಡ್ಡಿಂಗ್ ಫೋಟೊದವರು ಮುತ್ತುವ ಅದೇ ಚರ್ಚು. "ಅಲ್ಲಿ ನಿಂತ್ಕೊಂಡು ಫೋಟೊ ತೆಗಿಸ್ಕೊಳ್ಳೋರ್ಗೆ ಅದು ಪಾಳು. ನಮಗೆ ಊರು" ಅನ್ನುತ್ತಾರೆ ಅಜ್ಜಿ. ಸಂತರ ಹೆಸರೇ ಆಗಬೇಕೆಂದು 1983ರ ಕಾನೂನು ಹೇಳುವುದಿಲ್ಲ, ಕ್ರೈಸ್ತ ಭಾವನೆಗೆ ಹೊಂದದ ಹೆಸರು ಆಗಬಾರದು ಅಷ್ಟೇ ಅಂತ ಗುರುಗಳು ಹೇಳಿ, ಮೂರನ್ನೂ ಸಾಲಾಗಿ ಬರೆದರು. ಮೂರು ಕಡೆಯವರೂ ತಾವು ಗೆದ್ದೆವೆಂದುಕೊಂಡು ಕೂತರು.

ನಾಳೆ ಬರೆಯುವ ರಿಜಿಸ್ಟರನ್ನೂ ತೋರಿಸಿದರು. ಮುಂದೆ ಈಕೆಗೆ ದೃಢೀಕರಣ ಆದರೆ, ಮದುವೆ ಆದರೆ, ಸನ್ಯಾಸಿನಿ ಆದರೆ ಎಲ್ಲವೂ ಇದೇ ಹೆಸರಿನ ಪಕ್ಕಕ್ಕೆ ಬಂದು ಸೇರಬೇಕು. ಜಗತ್ತಿನ ಯಾವ ಮೂಲೆಯಲ್ಲಿ ಮದುವೆಯಾದರೂ ಅಲ್ಲಿಂದ ಇಲ್ಲಿಗೆ ಸುದ್ದಿ ಬರಬೇಕು, ಇಲ್ಲಿ ಬರೆಯಬೇಕು.

ಆಗ ಅಜ್ಜಿ ಕೇಳಿದರು: "ಸ್ವಾಮಿ, ನಾಳೆ ಇವಳು ಒಳಗೆ ಇರ್ತಾಳಾ?"

ಗುರುಗಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಭಾವನ ಅಕ್ಕನಿಗೂ ಆಗಲಿಲ್ಲ. ನನಗೆ ಆಯಿತು.

ಅಜ್ಜಿ ಹೆತ್ತದ್ದು ಏಳು. ಒಂದು ಮಗುವಿನ ದೀಕ್ಷಾಸ್ನಾನವನ್ನೂ ಚರ್ಚಿನಲ್ಲಿ ಕಂಡವರಲ್ಲ. ಹುಟ್ಟಿ ಎಂಟು ದಿನ ತುಂಬುವುದರೊಳಗೆ ಅಜ್ಜಿಯ ಅತ್ತೆಯೂ ಜ್ಞಾನತಂದೆ ತಾಯಿಯೂ ಕೂಸನ್ನು ಹೊದಿಸಿ ಹೊತ್ತುಕೊಂಡು ಹೋಗುತ್ತಿದ್ದರು. ಲ್ಯಾಟಿನಿನಲ್ಲಿ ಎಲ್ಲ ಮುಗಿಸಿ, ಹೆಸರಿಟ್ಟುಕೊಂಡು ವಾಪಸ್ ಬರುತ್ತಿದ್ದರು. ಹೆತ್ತವಳು ಕತ್ತಲೆ ಕೋಣೆಯಲ್ಲಿ. ನಲವತ್ತು ದಿನ ಕಳೆದ ಮೇಲೆ ಅವಳೊಬ್ಬಳೇ ಚರ್ಚಿಗೆ ಹೋಗಿ ಬಾಗಿಲಲ್ಲಿ ನಿಂತರೆ ಸ್ವಾಮಿಗಳು ಬಂದು ಆಶೀರ್ವದಿಸಿ ಒಳಗೆ ಕರೆದೊಯ್ಯುತ್ತಿದ್ದರು. 1969ರಲ್ಲಿ ರೋಮಿನಿಂದ ಶಿಶುಗಳಿಗೆಂದೇ ಹೊಸ ವಿಧಿ ಬಂತು. ತಂದೆ ತಾಯಿಯೇ ಮುಂದೆ ನಿಲ್ಲಬೇಕು, ಜ್ಞಾನತಂದೆ ತಾಯಿ ಅವರ ಜೊತೆಗೆ ಅಷ್ಟೇ, ತಾಯಿಗೆ ಅಲ್ಲೇ ಆಶೀರ್ವಾದ. ಅಜ್ಜಿಯ ಕೊನೆಯ ಇಬ್ಬರ ಹೊತ್ತಿಗೆ ನಿಯಮ ಬದಲಾಗಿತ್ತು. ಅತ್ತೆ ಬದಲಾಗಿರಲಿಲ್ಲ.

"ಅವಸರ ಯಾಕಂದ್ರೆ ಹೆದರಿಕೆ" ಅಂದರು ಅಜ್ಜಿ. ಸ್ನಾನವಾಗದೆ ಸತ್ತ ಕೂಸು ದೇವರ ಮುಖ ಕಾಣದೆ ಎಲ್ಲೋ ಅಂಚಿನಲ್ಲಿ ಉಳಿಯುತ್ತದೆ ಅನ್ನುವ ಮಾತು ಆಗ ಮನೆಮನೆಯಲ್ಲಿತ್ತು. ಆಮೇಲೆ ನಮ್ಮಲ್ಲಿ ಕೆಲವರು ಮೊದಲ ಸಲ ಕೇಳಿದ ಒಂದು ವಿಷಯ ಹೇಳಿದರು. ಅವರ ಎರಡನೆಯದು ಒಂದೇ ದಿನ ಬದುಕಿದ್ದು. ಉಸಿರು ಎಳೆಯುತ್ತಿದ್ದಾಗ ಸೂಲಗಿತ್ತಿ ಚೊಂಬಿನ ನೀರು ತಲೆಗೆ ಬಿಟ್ಟು, ಪಿತನ, ಸುತನ, ಪವಿತ್ರಾತ್ಮನ ಹೆಸರಲ್ಲಿ ಅಂತ ಹೇಳಿದಳಂತೆ. ಅವಳು ಕ್ರೈಸ್ತಳಲ್ಲ. ಕೇರಿಯ ಸೂಲಗಿತ್ತಿಯರಿಗೆಲ್ಲ ಸ್ವಾಮಿಗಳು ಆ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದರು. "ನಾನು ಕಣ್ಣಾರೆ ಕಂಡಿದ್ದು ಅದೊಂದೇ."

ಗುರುಗಳು ಕುರ್ಚಿಯಿಂದ ಎದ್ದು ಈಚೆ ಬಂದು ಅಜ್ಜಿಯ ಪಕ್ಕ ಕೂತರು. ಆಪತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು, ಧರ್ಮಸಭೆಯ ಉದ್ದೇಶ ಮನಸ್ಸಿನಲ್ಲಿದ್ದರೆ ಸಾಕು, ಕೊಡುವವರು ಕ್ರೈಸ್ತರೇ ಆಗಬೇಕಿಲ್ಲ, ಅದು ಪೂರ್ತಿ ದೀಕ್ಷಾಸ್ನಾನವೇ ಅಂದರು. ಸ್ನಾನವಾಗದೆ ಹೋದ ಮಕ್ಕಳ ಬಗೆಗೂ ಆಶೆ ಇಟ್ಟುಕೊಳ್ಳಲು ಬಲವಾದ ಕಾರಣಗಳಿವೆ ಅಂತ 2007ರಲ್ಲಿ ರೋಮಿನ ದೇವಶಾಸ್ತ್ರಿಗಳ ಆಯೋಗವೊಂದು ಬರೆದಿದೆ ಎಂದೂ ಹೇಳಿದರು. ಅಜ್ಜಿ ಎಷ್ಟು ಕೇಳಿಸಿಕೊಂಡರೋ. "ಇವಳು ಒಳಗೆ ಇರ್ತಾಳೆ ತಾನೆ?" ಅಂತ ಮತ್ತೆ ಕೇಳಿದರು.

"ಇವರೇ ಮಗು ಹಿಡಿದುಕೊಳ್ಳುವುದು, ಅಜ್ಜಿ."

ಮಧ್ಯಾಹ್ನದಿಂದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮುಂಬೈಯಿಂದ, ಬೆಂಗಳೂರಿನಿಂದ, ಮೂಡುಬಿದಿರೆಯಿಂದ ಜನ. ಹಿತ್ತಿಲಲ್ಲಿ ಹಂದಿ ಮಾಂಸ ತುಂಡು ಮಾಡುವವರು ನಾಲ್ಕು ಜನ ಗಂಡಸರು. ಆ ಸಾರಿಗೆ ಹಾಕುವ ಬಫಾತ್ ಮಸಾಲೆ ಪುಡಿಯ ಡಬ್ಬ ಮಾತ್ರ ಅತ್ತೆಯ ಸುಪರ್ದಿಯಲ್ಲಿ. ಇಡ್ಲಿಯಂಥ ಸಾನ್ನಾಂ ಹಿಟ್ಟಿಗೆ ಕಳ್ಳು ಹಾಕಿದರೇ ಹದ, ಯೀಸ್ಟು ಹಾಕಿದರೆ ಬರೀ ಉಬ್ಬು ಅಂತ ತಂಗಿಯ ಮಾವ ಎಲ್ಲಿಂದಲೋ ಕ್ಯಾನಿನಲ್ಲಿ ಕಳ್ಳು ತರಿಸಿದ್ದರು. ಅದರಲ್ಲಿ ಹಿಟ್ಟಿಗೆ ಹೋದದ್ದು ಎಷ್ಟು ಅನ್ನುವುದು ಬೇರೆ ಚರ್ಚೆ. ರಾತ್ರಿ ಹನ್ನೊಂದಕ್ಕೆ ಟಿ.ಟಿ.ಯಲ್ಲಿ (ಟೆಂಪೊ ಟ್ರಾವೆಲರ್) ಅಪ್ಪ, ಚಿಕ್ಕಪ್ಪಂದಿರು, ಅವರ ಮಕ್ಕಳು ಬಂದಿಳಿದರು. ಘಾಟಿಯ ಬಗ್ಗೆ ಅವರು ಹೇಳಿದ್ದನ್ನು ಬರೆಯುವಂತಿಲ್ಲ.

ಭಾನುವಾರ, ಸೆಪ್ಟೆಂಬರ್ 7

ನಾಳೆ ಮೊಂತಿ ಹಬ್ಬ, ಮಾತೆ ಮರಿಯಳ ಜನನದ ಹಬ್ಬ. ಇವತ್ತು ನೊವೇನದ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ, ಕೊನೆಯ ದಿನ. ಪೂಜೆಗೆ ಬಂದ ಮಕ್ಕಳ ಕೈಯಲ್ಲೆಲ್ಲ ಹೂವಿನ ಬುಟ್ಟಿ: ದಾಸವಾಳ, ಗೊರಟೆ, ಗದ್ದೆ ಬದುವಿನ ಹೆಸರಿಲ್ಲದ ಹಳದಿ ಹೂ. ಬಾಲ ಮರಿಯಮ್ಮನ ಮೂರ್ತಿಗೆ ಸಾಲಾಗಿ ಹೂ ಹಾಕಿ ಹೋದರು.

ಪೂಜೆ ಮುಗಿದು ಹತ್ತೂವರೆಗೆ ನಮ್ಮ ಸರದಿ. ವಿಧಿ ಶುರುವಾಗುವುದು ಬಾಗಿಲಲ್ಲಿ. ಅಜ್ಜಿಯನ್ನು ಮುಂದಿನ ಸಾಲಲ್ಲಿ ಕೂರಿಸಿದ್ದೆವು. ಎದ್ದು ಕೋಲೂರಿಕೊಂಡು ಬಾಗಿಲಿಗೇ ಬಂದುಬಿಟ್ಟರು. ಮಗುವಿಗೆ ಏನು ಹೆಸರಿಟ್ಟಿದ್ದೀರಿ, ಧರ್ಮಸಭೆಯಿಂದ ಏನು ಕೇಳುತ್ತೀರಿ ಅಂತ ಗುರುಗಳು ಕೇಳಿದ್ದು ತಂಗಿ ಮತ್ತು ಭಾವನನ್ನು. ಅವರ ಜವಾಬ್ದಾರಿಗೆ ನೆರವಾಗಲು ಸಿದ್ಧರಿದ್ದೀರಾ ಅಂತ ನಮ್ಮಿಬ್ಬರನ್ನು ಕೇಳಿದ್ದು ಆಮೇಲೆ. ನನಗಾಗಿ ಕೊಂಕಣಿಯ ಹಿಂದೆಯೇ ಕನ್ನಡದಲ್ಲೂ ಕೇಳಿದರು. ಗುರುಗಳು, ತಂದೆ, ತಾಯಿ, ಜ್ಞಾನತಂದೆ, ಜ್ಞಾನತಾಯಿ ಒಬ್ಬೊಬ್ಬರಾಗಿ ಮಗುವಿನ ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಬರೆದೆವು. ಮಗು ಅಷ್ಟೂ ಹೆಬ್ಬೆರಳುಗಳನ್ನು ಅನುಮಾನದಿಂದ ನೋಡಿತು.

ಸಂತರ ಪ್ರಾರ್ಥನಾವಳಿ, ಎದೆಗೆ ಎಣ್ಣೆ, ನೀರಿನ ಆಶೀರ್ವಾದ. ಸೈತಾನನನ್ನು ತ್ಯಜಿಸುತ್ತೀರಾ ಎಂದಾಗ ಭಾವನ ಕಡೆಯವರು ಕೊಂಕಣಿಯಲ್ಲಿ, ನಮ್ಮ ಹಾಸನದ ಟಿ.ಟಿ. ಪೂರ್ತಿ ಕನ್ನಡದಲ್ಲಿ "ತ್ಯಜಿಸುತ್ತೇನೆ" ಅಂದಿತು. ನಮ್ಮವರ ದನಿ ಜೋರಾಗಿತ್ತು.

ಸ್ನಾನದ ಕಲ್ಲಿನ ಬಳಿ ತಂಗಿ ಮಗುವನ್ನು ಅಂಗೈ ಮೇಲೆ ಬಾಗಿಸಿ ಹಿಡಿದಳು. ನೀರು ಹುಯ್ಯುವಾಗ ಅಜ್ಜಿ ಕಲಿಸಿದ ಹಿಡಿತವೇ ಅದು: ಕುತ್ತಿಗೆ ಕೆಳಗೆ ಎಡಗೈ, ಹೆಬ್ಬೆರಳು ಒಂದು ಕಿವಿಗೆ, ಕಿರುಬೆರಳು ಇನ್ನೊಂದಕ್ಕೆ ಅಡ್ಡ. ಗುರುಗಳು ಬೆಳ್ಳಿಯ ಚಿಪ್ಪಿನಲ್ಲಿ ಮೂರು ಸಲ ನೀರು ಬಿಟ್ಟರು. ಮೊದಲ ಸಲಕ್ಕೆ ಮಗು ಉಸಿರು ಹಿಡಿಯಿತು, ಎರಡನೆಯದಕ್ಕೆ ಕಣ್ಣು ಬಿಟ್ಟಿತು, ಮೂರನೆಯದಕ್ಕೆ ಗುರುಗಳ ಸ್ಟೋಲಿನ ಜಾಲರಿಯನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಅಳು ಶುರುವಾದದ್ದು ನೆತ್ತಿಗೆ ಕ್ರಿಸ್ಮಾ ತೈಲ ಹಚ್ಚಿದಾಗ. ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರು ಪವಿತ್ರಗೊಳಿಸಿ ಎಲ್ಲ ಚರ್ಚುಗಳಿಗೂ ಕಳಿಸುವ ಆ ಎಣ್ಣೆಗೆ ಸುಗಂಧ ದ್ರವ್ಯ ಬೆರೆತಿರುತ್ತದೆ. ಆ ವಾಸನೆ ಅದಕ್ಕೆ ಹೊಸದು. ಬಿಳಿ ಬಟ್ಟೆ ಹೊದಿಸಿದರು. ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಮೋಂಬತ್ತಿಯಿಂದ ಭಾವ ಮೋಂಬತ್ತಿ ಹೊತ್ತಿಸಿ ನನ್ನ ಕೈಗೆ ಕೊಟ್ಟರು. ಫ್ಯಾನ್ ಆಫ್ ಮಾಡಿ ಅಂತ ಹಿಂದಿನಿಂದ ಯಾರೋ ಕೂಗಿದರು.

ಕೊನೆಗೆ ತಾಯಿಗೆ ಆಶೀರ್ವಾದ. ಮಗುವನ್ನು ತೋಳಲ್ಲಿ ಹಿಡಿದು ನಿಂತ ತಾಯಿಗೆ ಅಂತಲೇ ಇರುವ ಪ್ರಾರ್ಥನೆ, ಆಮೇಲೆ ತಂದೆಗೆ. ಅಜ್ಜಿ ತಂಗಿಯ ಬೆನ್ನ ಹಿಂದೆ ಅವಳ ಸೆರಗಿನ ಚುಂಗು ಹಿಡಿದು ನಿಂತಿದ್ದರು. ನಮ್ಮ ಮನೆಯಲ್ಲಿ ಎಷ್ಟೋ ದೀಕ್ಷಾಸ್ನಾನ ಆಗಿವೆ, ನಾನು ಹಿಂದಿನ ಸಾಲಲ್ಲಿ ಕೂತು ಫೋನು ನೋಡಿದ್ದೇ ಹೆಚ್ಚು. ಶಾಸ್ತ್ರದಲ್ಲಿ ಹೆತ್ತವಳಿಗೆ ಜಾಗ ಸಿಕ್ಕಿದ್ದು ಎಂಥ ದೊಡ್ಡ ಬದಲಾವಣೆ ಅಂತ ಯಾರೂ ಹೇಳಿದ್ದಿಲ್ಲ. ಲ್ಯಾಟಿನ್ ಹೋಗಿ ನಮ್ಮ ಭಾಷೆ ಬಂತು ಅನ್ನುವುದನ್ನಷ್ಟೇ ಎಲ್ಲರೂ ಹೇಳುತ್ತಾರೆ. ಇದು ಅದಕ್ಕಿಂತ ದೊಡ್ಡದು ಅಂತ ನನ್ನ ಲೆಕ್ಕ.

ಮನೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಕೇಕು. ಮಾವ ವೈನಿನ ಲೋಟ ಎತ್ತಿ ಟೋಸ್ಟು ಹೇಳಿದರು. ಟಿಪ್ಪು 1784ರಲ್ಲಿ ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದನ್ನು ಈ ಕಡೆಯ ಯಾವ ಭಾಷಣವೂ ಬಿಡುವುದಿಲ್ಲ. "ನಮ್ಮವರು ಘಟ್ಟ ಹತ್ತಿದ್ದು ಅಳ್ತಾ. 1799ರಲ್ಲಿ ಉಳಿದವರು ಇಳಿದು ಬಂದ್ರು. ಈಗ ಘಟ್ಟದ ಮೇಲಿನವರು ತೊಟ್ಟಿಲು ಹೊತ್ತು ಇಳಿದಿದ್ದೀರಿ. ಲೆಕ್ಕ ಚುಕ್ತಾ." ಎಲ್ಲರೂ ನಕ್ಕರು. ಅಪ್ಪ ಮಾತ್ರ ನನ್ನ ಕಿವಿಯಲ್ಲಿ "ನಾವೇನು ಮಾಡಿದ್ವಿ ಇವರಿಗೆ?" ಅಂದರು.

ಸಾನ್ನಾಂ ಮೇಲೆ ಸಾನ್ನಾಂ ಬೀಳುತ್ತಿದ್ದಾಗ ಒಳಗೆ ಟಿ.ವಿ.ಯಲ್ಲಿ ರೋಮಿನ ನೇರ ಪ್ರಸಾರ ಶುರುವಾಯಿತು. ಹದಿನೈದು ವರ್ಷಕ್ಕೇ 2006ರಲ್ಲಿ ತೀರಿಹೋದ ಕಾರ್ಲೊ ಅಕ್ಯೂಟಿಸ್‌ನನ್ನು ಪೋಪ್ ಹದಿನಾಲ್ಕನೇ ಲಿಯೋ ಸಂತನೆಂದು ಸಾರಿದ್ದು ಇವತ್ತೇ. ಏಪ್ರಿಲ್ಲಿನಲ್ಲಿ ಆಗಬೇಕಿದ್ದದ್ದು ಪೋಪ್ ಫ್ರಾನ್ಸಿಸ್ ತೀರಿಕೊಂಡಿದ್ದರಿಂದ ಮುಂದೆ ಹೋಗಿತ್ತು. ಅವನ ತಾಯಿ ಅಲ್ಲೇ ಮುಂದೆ ಕೂತಿದ್ದರು. ಗಂಡುಮಗು ಆಗಿದ್ದರೆ ಕಾರ್ಲೊ ಅಂತಲೇ ಇಡಬಹುದಿತ್ತು ಅಂತ ಮುಂಬೈಯ ಚಿಕ್ಕಮ್ಮ ಒಬ್ಬರು ಅಂದರು. ತಂಗಿ ಎದ್ದು ಮಗುವಿಗೆ ಹಾಲು ಕೊಡಲು ಒಳಗೆ ಹೋದಳು.

ರಾತ್ರಿ ಗ್ರಹಣ. 9.57ಕ್ಕೆ ಹಿಡಿದು, 11ರಿಂದ 12.22ರವರೆಗೆ ಪೂರ್ಣ. ಪಕ್ಕದ ಮನೆಯ ಶೆಟ್ಟಿ ಅಮ್ಮ ಸಂಜೆಯೇ ಬೇಲಿ ಹತ್ತಿರ ಬಂದು ಮಗುವನ್ನು ಹೊರಗೆ ತರಬೇಡಿ ಅಂತ ಹೇಳಿಹೋಗಿದ್ದರು. "ನಮಗೆ ಅದೆಲ್ಲ ಇಲ್ಲ" ಅಂದರು ಅತ್ತೆ. ಒಂಬತ್ತೂವರೆಗೆ ಕೋಣೆಯ ಕಿಟಕಿಗಳನ್ನೆಲ್ಲ ಅವರೇ ಹಾಕಿದರು. ಸೊಳ್ಳೆಯಂತೆ. ನಾವು ಗಂಡಸರು ಅಂಗಳದ ಕುರ್ಚಿಗಳಲ್ಲಿ ಉಳಿದ ವೈನಿನ ಜೊತೆ ಕೂತು, ಮೋಡದ ಸಂದಿನಲ್ಲಿ ಚಂದ್ರ ತಾಮ್ರದ ಬಣ್ಣಕ್ಕೆ ತಿರುಗುವುದನ್ನು ಬಿಟ್ಟು ಬಿಟ್ಟು ನೋಡಿದೆವು.

ಸೋಮವಾರ, ಸೆಪ್ಟೆಂಬರ್ 8

ಮೊಂತಿ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಫಾದರ್ ಜೋಕಿಂ ಮಿರಾಂದ 1763ರಲ್ಲಿ ಇದನ್ನು ಶುರುಮಾಡಿದರು ಅಂತ ಹೇಳುತ್ತಾರೆ. ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚಿದರು. ನಿನ್ನೆ ಹಂದಿ ಬೇಯಿಸಿದ ಮನೆಯಲ್ಲಿ ಇವತ್ತು ಮೀನೂ ಇಲ್ಲ: ಬಾಳೆ ಎಲೆ, ಅಂಬಟೆಕಾಯಿ ಹಾಕಿದ ಕೆಸುವಿನ ದಂಟು, ತೊಂಡೆ, ಹಾಗಲ, ಬೆಂಡೆ, ಕೊನೆಗೆ ಬೆಲ್ಲ ಮತ್ತು ತೆಂಗಿನ ಹಾಲಿನ ವೊರ್ನ್ ಅನ್ನುವ ಪಾಯಸ. ಪದಾರ್ಥಗಳ ಲೆಕ್ಕ ಬೆಸವಾಗಿಯೇ ಇರಬೇಕು.

ಹೊಸ ಅಕ್ಕಿಯನ್ನು ಅರೆದು ತೆಂಗಿನ ಹಾಲಿಗೆ ಬೆರೆಸಿ, ಮಾವ ಪ್ರಾರ್ಥನೆ ಮಾಡಿ ಹಿರಿಯರಿಂದ ಕಿರಿಯರಿಗೆ ಒಂದೊಂದು ಚಮಚೆ ಕೊಟ್ಟರು. ಪರದೇಶದಲ್ಲಿರುವವರಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಚಿ ಅಂಚೆಗೆ ಹಾಕುವ ರೂಢಿ. ಭಾವನಿಗೆ ಎಷ್ಟೋ ವರ್ಷ ಹೀಗೆ ಲಕೋಟೆಯಲ್ಲೇ ಹಬ್ಬ ಬಂದದ್ದು. ಮೊದಲ ಚಮಚೆ ಎಂಬತ್ನಾಲ್ಕರ ನಮ್ಮಜ್ಜಿಗೆ. ಕೊನೆಯದು ಯಾರಿಗೆ ಅನ್ನುವಾಗ ಅತ್ತೆ ಮಗುವಿನ ತುಟಿಗೆ ಬೆರಳು ತಂದರು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಏನೂ ಕೂಡದು ಅಂದಿದ್ದಾರೆ ಡಾಕ್ಟರು, ಅಂದಳು ತಂಗಿ. ಮೇಜಿನ ಸುತ್ತ ಮಾತು ನಿಂತಿತು. ನಮ್ಮಮ್ಮ ನೆಲ ನೋಡಿದರು. ಅಜ್ಜಿಯೇ ಬಿಡಿಸಿದ್ದು: "ಅವಳ ಪಾಲೂ ತಾಯಿಗೇ ಕೊಡಿ ಬೀಗಿತ್ತಿ. ರಾತ್ರಿಯೊಳಗೆ ಹಾಲಲ್ಲಿ ಬರ್ತದೆ." ಅತ್ತೆ ಒಂದು ಕ್ಷಣ ಯೋಚಿಸಿ ತಂಗಿಗೆ ಎರಡು ಚಮಚೆ ಕೊಟ್ಟರು.

ಮಂಗಳವಾರ, ಸೆಪ್ಟೆಂಬರ್ 9

ಬೆಳಗ್ಗೆ ಆರಕ್ಕೆ ಹೊರಟೆವು. ಬಾಣಂತಿ ಇಲ್ಲದ ಕಾರು ಹೇಳಿದ ಹೊತ್ತಿಗೆ ಹೊರಡುತ್ತದೆ. ತಂಗಿ ಗೇಟಿನವರೆಗೆ ಬಂದಳು, ಅತ್ತಳು, ಅಮ್ಮನೂ ಅತ್ತರು. ಅಳುವಿನ ನಡುವೆಯೇ ಅಮ್ಮ ಕ್ರಿಸ್‌ಮಸ್ ಮಾತು ತೆಗೆದರು: ಮೊದಲ ಕ್ರಿಸ್‌ಮಸ್ಸಿಗೆ ಮಗು ಹಾಸನದಲ್ಲಿ ಇರಬೇಕು. "ಅದು ಹೇಗೆ ಆಗ್ತದೆ? ಕ್ರಿಸ್‌ಮಸ್ ತಿಂಡಿ, ಕುಸ್ವಾರ್ ಎಲ್ಲ ಇಲ್ಲಿ ಮಾಡುವುದು" ಅಂದರು ಅತ್ತೆ. ಅಂಗಳದಲ್ಲೇ ಹದಿನೈದು ನಿಮಿಷ ನಡೆದು, 24ರ ರಾತ್ರಿಯ ಪೂಜೆ ಇಲ್ಲಿ, 26ಕ್ಕೆ ಹಾಸನ ಅಂತ ತೀರ್ಮಾನವಾಯಿತು. ಕರೆದುಕೊಂಡು ಹೋಗಲು ಬರುವವನು ನಾನೇ ಅನ್ನುವುದನ್ನು ಯಾರೂ ನನ್ನನ್ನು ಕೇಳಲಿಲ್ಲ.

"ನಾನೂ ಬರ್ತೀನಿ, ಮುಂದಿನ ಸೀಟು ನಂದು" ಅಂದರು ಅಜ್ಜಿ, ಬೆಲ್ಟು ಹಾಕಿಕೊಳ್ಳುತ್ತ. "ಈ ಸಲ ಐದಕ್ಕೇ ಬಿಡಬೇಕು ಕಣಪ್ಪ. ಲೇಟ್ ಮಾಡ್ಬೇಡ."